ಮಿಕ್ಕ ಮಾತ್ರೆಗಳ ಮನೆ

ನಮ್ಮ ಮನೆಯಲ್ಲಿ ಏನನ್ನೂ ಬಿಸಾಡುವುದಿಲ್ಲ. ಅಪ್ಪ ಮತ್ತು ಅಣ್ಣ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿತ್ತ ಮೊಳೆಗಳನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಹೊಡೆಯುತ್ತಾರೆ. ಸ್ಪಂಜಿನ ಚೂರುಗಳೆಲ್ಲ ಸೇರಿ ದಿಂಬಾಗುತ್ತವೆ, ಬಟ್ಟೆಯ ಅಂಚುಗಳು ಅಮ್ಮನ ಕೈಯಲ್ಲಿ ಕಾಲೊರಸು ಆಗುತ್ತವೆ. ಇದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಆ ಮೊಳೆ, ಆ ಚೂರುಗಳೇ ನನ್ನನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿರುವುದು. ನನ್ನ ತಕರಾರು ಇರುವುದು ಅಜ್ಜಿಯ ಡಬ್ಬಿಯ ಮೇಲೆ.

ಅದೊಂದು ಹಳೆಯ ಬಿಸ್ಕತ್ತಿನ ಡಬ್ಬಿ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಉಪ್ಪು, ಸಕ್ಕರೆಗಳ ಪಕ್ಕದಲ್ಲೇ ಅದರ ಠಿಕಾಣಿ. ಮನೆಯಲ್ಲಿ ಯಾರಿಗಾದರೂ ಡಾಕ್ಟರು ಮಾತ್ರೆ ಬರೆದುಕೊಟ್ಟರೆ, ಜ್ವರ ಇಳಿದ ದಿನವೇ ಅಜ್ಜಿ ಕತ್ತರಿ ಹಿಡಿದು ಬರುತ್ತಾಳೆ. ಮಿಕ್ಕ ಮಾತ್ರೆಗಳನ್ನು ಪಟ್ಟಿಯಿಂದ ಒಂದೊಂದಾಗಿ ಕತ್ತರಿಸಿ ಡಬ್ಬಿಗೆ ಹಾಕುತ್ತಾಳೆ. ಔಷಧಿಯ ಹೆಸರು ಅವಳಿಗೆ ಬೇಕಿಲ್ಲ, ಬಣ್ಣ ಸಾಕು. ಕೆಂಪು-ಹಳದಿ ಕ್ಯಾಪ್ಸೂಲು ಗಂಟಲಿಗೆ, ಗುಲಾಬಿಯದು ಹಲ್ಲಿಗೆ, ಉದ್ದನೆಯ ಬಿಳಿಯದು ಉರಿಮೂತ್ರಕ್ಕೆ. "ಎರಡು ತಗೋ ಸಾಕು, ಜಾಸ್ತಿ ತಿಂದ್ರೆ ಮೈಗಾಗಲ್ಲ" ಎನ್ನುವುದೊಂದೇ ಅವಳ ಲೆಕ್ಕಾಚಾರ. ಇದು ನಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಇಂಥದೊಂದು ಡಬ್ಬಿ ಸಿಗುತ್ತದೆ. ನಿಮ್ಮ ಮನೆಯಲ್ಲೂ ಇದ್ದರೆ ನನಗೇನೂ ಆಶ್ಚರ್ಯವಿಲ್ಲ. ನಮ್ಮದು ದೊಡ್ಡದು, ಅಷ್ಟೇ.

ಕೇಳಿದವರಿಗೆಲ್ಲ ಅಜ್ಜಿ ಮಾತ್ರೆ ಕೊಡುತ್ತಾಳೆ, ಬಿಡಿಗಾಸು ತೆಗೆದುಕೊಳ್ಳುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ದುಡ್ಡಿನಾಸೆಗೆ ಮಾಡುತ್ತಿದ್ದರೆ ಧಾರಾಳವಾಗಿ ಜಗಳವಾಡಬಹುದಿತ್ತು. ಕರುಣೆಯಿಂದ ಮಾಡುವವರ ಜೊತೆ ಹೇಗೆ ಜಗಳವಾಡುವುದು, ನೀವೇ ಹೇಳಿ.

ನಾನು ಓದುತ್ತಿರುವುದು ಜೀವಶಾಸ್ತ್ರದ ಪದವಿಗೆ, ಎರಡನೆಯ ವರ್ಷ. ಅದೇನು ಓದು ಎಂಬುದು ಮನೆಯವರಿಗೆ ಇವತ್ತಿಗೂ ತಲೆಗೆ ಹೋಗಿಲ್ಲ.

"ಓದು ಮುಗಿದ್ಮೇಲೆ ಡಾಕ್ಟ್ರಾಗ್ತೀಯಾ?" ಎಂದು ಅಜ್ಜಿ ಕೇಳುತ್ತಾಳೆ.

"ಇಲ್ಲ ಅಜ್ಜಿ."

"ನರ್ಸು?"

"ಅಲ್ಲ."

"ಮತ್ತೆ ಆ ಪಾಪದ ಕಪ್ಪೆ ಯಾಕೆ ಕುಯ್ತೀಯ?"

ಹೀಗೆ ಕೇಳಿ ಕೇಳಿ ಕೊನೆಗೆ ನನಗೆ 'ಕಪ್ಪೆ ಡಾಕ್ಟ್ರು' ಎಂದು ಹೆಸರಿಟ್ಟಳು. ನಾನು ಇಡೀ ಜೀವಮಾನದಲ್ಲಿ ಕುಯ್ದದ್ದು ಒಂದೇ ಕಪ್ಪೆ, ಅದೂ ಮೂವರು ಗೆಳತಿಯರು ಸೇರಿ. ಆದರೂ ಬೀದಿಗೆಲ್ಲ ಹೆಸರು ಹರಡಿತು. ಬಸ್ಸಿಗೆ ಓಡುವಾಗ ಇಸ್ತ್ರಿ ಅಂಗಡಿಯಾಕೆ ಕೂಡ, "ಏನ್ ಕಪ್ಪೆ ಡಾಕ್ಟ್ರೇ, ಇವತ್ತು ಯಾರ ಸರದಿ?" ಎಂದು ಕೇಳುತ್ತಿದ್ದಳು.

ಆ ವರ್ಷ ಒಂದು ಪ್ರಯೋಗದ ತರಗತಿಯಲ್ಲಿ ಮೇಡಂ ನಮಗೆಲ್ಲ ಒಂದೊಂದು ಗಾಜಿನ ತಟ್ಟೆ ಕೊಟ್ಟರು. ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದು ಮಬ್ಬಾಗಿತ್ತು. ಮೇಲೆ ಅಲ್ಲಲ್ಲಿ ಔಷಧಿಯಲ್ಲಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳು. ಔಷಧಿಗೆ ಬ್ಯಾಕ್ಟೀರಿಯಾ ಸತ್ತಿದ್ದರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರವೊಂದು ಬಿಟ್ಟಿರುತ್ತದೆ. ನನ್ನ ತಟ್ಟೆಯಲ್ಲಿ ಉಂಗುರಗಳಿದ್ದವು. ಪಕ್ಕದ ಹುಡುಗಿಯ ತಟ್ಟೆಯಲ್ಲಿ ಒಂದೂ ಇರಲಿಲ್ಲ. ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ನಿಶ್ಚಿಂತೆಯಾಗಿ ಬೆಳೆದಿತ್ತು. ಏನೋ ತಪ್ಪು ಮಾಡಿದೆನೆಂದು ಅವಳು ಕಂಗಾಲಾದಳು.

"ನಿನ್ನ ತಪ್ಪಲ್ಲ ಬಿಡು," ಎಂದರು ಮೇಡಂ. "ಇದನ್ನ ಚರಂಡಿ ನೀರಿಂದ ತೆಗೆದಿದ್ದು. ಔಷಧಿನ ಅರ್ಧಂಬರ್ಧ ತಿಂದು ಬಿಡ್ತಾರಲ್ಲ, ಆಗ ಮೆತ್ತಗಿರೋವು ಸಾಯ್ತವೆ, ಗಟ್ಟಿಯಾಗಿರೋವು ಉಳ್ಕೊಳ್ತವೆ. ಆಮೇಲೆ ಹುಟ್ಟೋದೆಲ್ಲ ಆ ಗಟ್ಟಿ ವಂಶವೇ. ಆ ಔಷಧಿ ಮತ್ತೆ ಕೆಲಸಕ್ಕೆ ಬರಲ್ಲ."

ಉಳಿದವರು ಅದನ್ನು ಪರೀಕ್ಷೆಗೆಂದು ಬರೆದುಕೊಂಡರು. ನನಗೆ ಮಾತ್ರ ನಮ್ಮ ಅಡುಗೆಮನೆಯ ಹಲಗೆ ಕಣ್ಣ ಮುಂದೆ ಬಂತು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಶುರುಮಾಡಿದೆ. ತಟ್ಟೆ, ಬಿಲ್ಲೆ, ಉಂಗುರ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಗೋಡೆಗೆ ಹೇಳಿದ್ದರೆ ಅದಾದರೂ ಸುಮ್ಮನಿರುತ್ತಿತ್ತು. "ಕಣ್ಣಿಗೇ ಕಾಣದ್ದು ಗಟ್ಟಿ ಹೇಗಾಗತ್ತೆ?" ಎಂದಳು ಅಜ್ಜಿ. "ಜಾಸ್ತಿ ಮಾತ್ರೆ ಮಾರೋಕೆ ಡಾಕ್ಟ್ರು, ಅಂಗಡಿಯೋರು ಸೇರ್ಕೊಂಡು ಮಾಡಿರೋ ಉಪಾಯ ಅದು," ಎಂದ ಅಣ್ಣ. "ಉಣ್ಣೋ ಹೊತ್ತಲ್ಲಿ ಚರಂಡಿ ವಿಷಯ ಬೇಕಿತ್ತಾ ನಿಂಗೆ?" ಎಂದು ಅಮ್ಮ ನನ್ನ ಮೇಲೇ ಮುನಿಸಿಕೊಂಡಳು.

ಬೇರೆ ದಾರಿ ಹಿಡಿದೆ. "ಅಪ್ಪಾ, ತಿಗಣೆ ಹತ್ತಿದ ಸೋಫಾ ಬಂದ್ರೆ ಏನ್ ಮಾಡ್ತೀಯ?"

"ಪೂರ್ತಿ ಬಿಚ್ಚಿ, ಒಳಗಿಂದೆಲ್ಲ ಸುಟ್ಟು, ಚೌಕಟ್ಟಿನ ಸಂದಿ ಸಂದಿಗೂ ಔಷಧಿ ಹೊಡೀತೀನಿ. ಯಾಕೆ?"

"ಅರ್ಧ ಹೊಡೆದು, ಮಿಕ್ಕಿದ್ದು ಮುಂದಿನ ಸೋಫಾಗಿರ್ಲಿ ಅಂತ ಎತ್ತಿಟ್ರೆ?"

"ತಲೆ ಕೆಟ್ಟಿದ್ಯಾ? ಸಂದೀಲಿ ನಾಲ್ಕು ಉಳಿದ್ರೂ ತಿಂಗಳೊಳಗೆ ಮತ್ತೆ ಹಾಜರ್. ಆಮೇಲೆ ಅದೇ ಔಷಧಿ ಹೊಡೆದ್ರೆ ಕ್ಯಾರೇ ಅನ್ನಲ್ಲ."

"ನಾನೂ ಅದನ್ನೇ ಬಡ್ಕೊಳ್ತಿರೋದು."

ಅಪ್ಪನ ಕೈ ತಟ್ಟೆಯ ಮೇಲೇ ನಿಂತಿತು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ, "ಓದಿ ಓದಿ ಮನೆ ಮಂದಿನೆಲ್ಲ ಸೋಫಾ ಮಾಡಿಬಿಟ್ಟಳಪ್ಪ ಇವಳು," ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅಪ್ಪನೂ ನಕ್ಕು, "ಹೋಗ್ಲಿ ಬಿಡಮ್ಮ" ಎಂದ. ಮನೆಯಲ್ಲಿ ಏನೇ ನಡೆದರೂ ಅಪ್ಪನ ತೀರ್ಪು ಅದೊಂದೇ.

ನಗದೆ ಕೂತಿದ್ದವರು ಅತ್ತಿಗೆ, ಅಣ್ಣನ ಹೆಂಡತಿ. ಅವರಿಗೆ ಆಗ ಐದು ತಿಂಗಳು, ಮೊದಲ ಬಸಿರು. ಊಟದ ಮಧ್ಯೆಯೇ ಎದ್ದು ಬಚ್ಚಲಿಗೆ ಹೋದರು, ಬಂದು ಕೂತು ಮತ್ತೆ ಎದ್ದರು. ಬಸುರಿಯರಿಗೆ ಅದೆಲ್ಲ ಸಹಜ ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಪಾತ್ರೆ ತೊಳೆಯುವಾಗ ಅವರ ಮುಖ ಕಿವುಚಿದ್ದನ್ನು ನೋಡಿ ನಾನೇ ಕೇಳಿದೆ.

"ಉರಿ ಕಣೇ," ಎಂದರು ಸಣ್ಣ ದನಿಯಲ್ಲಿ. "ಹೋದ ತಿಂಗಳೂ ಬಂದಿತ್ತು. ಅಜ್ಜಿ ಬಿಳೀ ಮಾತ್ರೆ ಎರಡು ಕೊಟ್ರು, ನಿಂತೋಯ್ತು. ಮತ್ತೆ ಬಂತು, ಮತ್ತೆ ಎರಡು ಕೊಟ್ರು. ಈಗ ಮೂರನೇ ಸಲ."

"ಅಣ್ಣನಿಗೆ ಹೇಳಿದ್ರಾ?"

"ಇಂಥದ್ದನ್ನೆಲ್ಲ ಹೇಗೆ ಹೇಳೋದು."

ನಾನು ತರಗತಿಯಲ್ಲಿ ಚರಂಡಿ ನೀರಿನ ತಟ್ಟೆಯನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, ನಮ್ಮ ಮನೆಯಲ್ಲೇ ಅದನ್ನು ಶ್ರದ್ಧೆಯಿಂದ ಬೆಳೆಸುತ್ತಿದ್ದರು, ಅದೂ ಬಸುರಿಯ ಹೊಟ್ಟೆಯೊಳಗೆ. ಮರುದಿನ ತರಗತಿ ತಪ್ಪಿಸಿ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಮೂತ್ರದ ಪರೀಕ್ಷೆ ಮಾಡಿಸಿ ಬೇರೆ ಮಾತ್ರೆ ಬರೆದುಕೊಟ್ಟರು. ವಾರ ಪೂರ್ತಿ ತೆಗೆದುಕೊಳ್ಳಬೇಕು, ಉರಿ ನಿಂತರೂ ನಿಲ್ಲಿಸಬಾರದು, ಬಸುರಿಯರಲ್ಲಿ ಇದು ಕಿಡ್ನಿಗೆ ಏರಿದರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ ಎಂದು ಎರಡೆರಡು ಸಲ ಹೇಳಿದರು. ಮಾತ್ರೆ ಮುಗಿದ ಮೇಲೆ ಮತ್ತೆ ಬಂದು ತೋರಿಸಿ ಎಂದೂ ಹೇಳಿದರು. ಅತ್ತಿಗೆ ಮಾತು ಕೊಟ್ಟರು. ಮನೆಗೆ ಬಂದು ಅದನ್ನೆಲ್ಲ ನಾನು ಅಜ್ಜಿಗೆ, ಅಮ್ಮನಿಗೆ, ಅಣ್ಣನಿಗೆ ಬೇರೆ ಬೇರೆಯಾಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ನಮ್ಮ ಮನೆಯಲ್ಲಿ ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ಸಂಬಂಧವೇ ಇಲ್ಲ ಎಂದು ಗೊತ್ತಿದ್ದೂ ಸಮಾಧಾನಪಟ್ಟುಕೊಂಡೆ.

ಆ ವಾರವೇ ನಮ್ಮ ತರಗತಿಯ ಕ್ಷೇತ್ರ ಅಧ್ಯಯನ. ಹೋಗದಿದ್ದರೆ ಪದವಿಯೇ ಇಲ್ಲ. ಒಂದು ಜೌಗು ಕೆರೆಯ ದಡದಲ್ಲಿ ಬಲೆ ಹಿಡಿದು, ಮೊಣಕಾಲುದ್ದದ ಕೆಸರಿನಲ್ಲಿ ನಿಂತು ನೀರಹುಳುಗಳನ್ನು ಹಿಡಿಯುವುದು, ಹೆಸರು ಗುರುತಿಸುವುದು, ಬಿಡುವುದು. ವಾರ ಕಳೆದು ಊರಿಗೆ ಬಂದವಳೇ ಕೆಸರಿನ ಶೂ ಬಿಚ್ಚುವ ಮೊದಲು ಕೇಳಿದೆ: "ಅತ್ತಿಗೆ, ಮಾತ್ರೆ ಮುಗೀತಾ?"

ಅತ್ತಿಗೆ ಅಜ್ಜಿಯ ಮುಖ ನೋಡಿದರು.

"ಮೂರು ದಿನಕ್ಕೇ ಉರಿ ನಿಂತೋಯ್ತು," ಎಂದಳು ಅಜ್ಜಿ. "ಹೊಟ್ಟೇಲಿರೋ ಮಗೂಗೆ ಸುಮ್ಸುಮ್ನೆ ಔಷಧಿ ಯಾಕೆ ತುರುಕೋದು ಅಂತ ಎತ್ತಿಟ್ಟೆ. ಹಾಗೇ ಇಟ್ಟು ಕೊಳೆಸ್ಲಿಲ್ಲ. ಬೀಗ ರಿಪೇರಿಯೋನಿಗೆ ದವಡೆ ಊದ್ಕೊಂಡಿತ್ತು, ಪಾಪ, ಅವನಿಗೆ ಎರಡು ಕೊಟ್ಟೆ."

ಚೀಲವನ್ನು ಅಲ್ಲೇ ನೆಲಕ್ಕೆ ಹಾಕಿದೆ. "ಅಜ್ಜಿ, ಅದು ವಾರಕ್ಕಂತ ಕೊಟ್ಟಿದ್ದು. ನಿಂಗೆ ಎಷ್ಟು ಸಲ ಹೇಳ್ಬೇಕು?"

"ವಾಸಿಯಾದ್ಮೇಲೂ ಔಷಧಿ ತಿನ್ನೋದು ಯಾವ ಸೀಮೆ ಬುದ್ಧಿವಂತಿಕೆ?"

"ವಾಸಿ ಆಗಿಲ್ಲ. ಅಡಗಿದೆ ಅಷ್ಟೇ."

"ನೋಡು," ಎಂದಳು ಅಜ್ಜಿ. ಇಷ್ಟು ಹೊತ್ತೂ ಇದ್ದ ಗೇಲಿ ಅವಳ ದನಿಯಲ್ಲಿ ಇರಲಿಲ್ಲ. "ನನ್ನ ಮೊದಲನೇ ಕೂಸು ಜ್ವರದಲ್ಲಿ ಬೆಂದು ಹೋಯ್ತು. ಅವತ್ತು ಇಡೀ ಬೀದೀಲಿ ಕೇಳಿದ್ರೂ ಒಂದು ಮಾತ್ರೆ ಸಿಗ್ಲಿಲ್ಲ. ಅವತ್ತಿಂದ ನನ್ನ ಮನೇಲಿ ಮಾತ್ರೆ ಇಲ್ಲ ಅನ್ನೋ ಮಾತಿಲ್ಲ. ನೀನು ನಂಗೆ ಕಲಿಸೋಕೆ ಬರ್ಬೇಡ."

ಪಾಪ ಅನ್ನಿಸಿತು, ಅದರ ಜೊತೆಗೇ ಸಿಟ್ಟೂ ಉಕ್ಕಿತು. ಸತ್ತ ಮಗುವಿನ ಮೇಲಿನ ಪ್ರೀತಿ ಹುಟ್ಟಲಿರುವ ಮಗುವಿಗೆ ಕೇಡಾಗುತ್ತಿದೆ ಎಂದು ಆ ಮುದುಕಿಗೆ ಯಾವ ಭಾಷೆಯಲ್ಲಿ ಹೇಳುವುದು? ಅಣ್ಣನಿಗೆ ಹೊಸ ಮಾತ್ರೆ ತರಲು ಹೇಳಿದೆ. "ನಾಳೆ" ಎಂದ. ಅವನ ನಾಳೆ ಗಿರಾಕಿಗಳಿಗೂ ಬರುವುದಿಲ್ಲ, ನಮಗೂ ಬರುವುದಿಲ್ಲ. ಡಾಕ್ಟರ ಹತ್ತಿರ ಮತ್ತೆ ಹೋಗೋಣ ಬನ್ನಿ ಎಂದು ಅತ್ತಿಗೆಯ ಕೈ ಹಿಡಿದರೆ, "ಈಗ ಚೆನ್ನಾಗೇ ಇದೀನಲ್ಲ. ನನ್ನಿಂದ ಮನೇಲಿ ರಂಪ ಬೇಡ ಕಣೇ," ಎಂದು ಅವರೇ ಕೈ ಬಿಡಿಸಿಕೊಂಡರು. ಇನ್ನು ಬಲವಂತಕ್ಕೆ ಹೊತ್ತುಕೊಂಡು ಹೋಗುವುದೊಂದೇ ಬಾಕಿ.

ಕೊನೆಗೆ ಹೊತ್ತುಕೊಂಡೇ ಹೋಗಬೇಕಾಯಿತು. ಎರಡು ವಾರದ ಮೇಲೆ ಒಂದು ದಿನ ತಳಿಶಾಸ್ತ್ರದ ಪರೀಕ್ಷೆ ಬರೆದು ಮಧ್ಯಾಹ್ನ ಮನೆಗೆ ಬಂದರೆ, ಅತ್ತಿಗೆ ಮೂರು ಹೊದಿಕೆಗಳ ಕೆಳಗೆ ಗಡಗಡ ನಡುಗುತ್ತಿದ್ದರು. ಹಲ್ಲು ಕಟಕಟ ಎನ್ನುತ್ತಿತ್ತು, ಸೊಂಟ ಮುಟ್ಟಿದರೆ ಕಿರುಚುತ್ತಿದ್ದರು. ಬೆಳಗ್ಗೆಯಿಂದಲೇ ಜ್ವರವಂತೆ. ಅಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಅಜ್ಜಿ ಆಗಲೇ ಬಿಳಿಯ ಮಾತ್ರೆ ಎರಡು ಕೊಟ್ಟಿದ್ದಳು. "ಇನ್ನೊಂದು ಗಳಿಗೆ ನೋಡೋಣ, ಹಿಡಿಯತ್ತೆ," ಎಂದಳು.

ಆ ಗಳಿಗೆಯನ್ನು ನಾನು ಕೊಡಲಿಲ್ಲ. ಅಂಗಡಿಗೆ ಓಡಿ ಅಪ್ಪ, ಅಣ್ಣನ ಮುಂದೆ ಬಾಯಿ ಬಾಯಿ ಬಡಿದುಕೊಂಡೆ. ಗಿರಾಕಿಗೆ ತಲುಪಿಸಲೆಂದು ಸರಕು ಗಾಡಿಯಲ್ಲಿ ಹೊಸ ಬಟ್ಟೆ ಹೊದಿಸಿದ ಸೋಫಾ ಏರಿಸಿಟ್ಟಿದ್ದರು. ಇಳಿಸಲು ಹೊತ್ತಿರಲಿಲ್ಲ. ಅತ್ತಿಗೆಯನ್ನು ಅದೇ ಸೋಫಾದ ಮೇಲೆ ಮಲಗಿಸಿ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಜನ ನೋಡುತ್ತಿದ್ದರು. ಅತ್ತಿಗೆ ಅಂಥ ಸ್ಥಿತಿಯಲ್ಲೂ, "ಸೋಫಾ ಕೊಳೆ ಆಗತ್ತೆ, ಕೆಳಗೆ ಏನಾದ್ರೂ ಹಾಸು," ಎಂದರು. ಈ ಮನೆಗೆ ಬಂದು ಅವರು ಕಲಿತದ್ದು ಅದನ್ನೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ಮುಂಚೆ ಯಾವ ಮಾತ್ರೆ ಕೊಟ್ಟಿದ್ರಿ?"

"ಬಿಳೀದು ಮೇಡಂ," ಎಂದ ಅಣ್ಣ.

"ಹೆಸರು?"

"ಉದ್ದಕ್ಕಿರತ್ತೆ ಮೇಡಂ, ಬಿಳೀದು."

ಡಾಕ್ಟರಮ್ಮ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಉಳಿದದ್ದನ್ನು ನಾನು ಹೇಳಿದೆ.

ಮೊದಲು ಕೊಟ್ಟ ಇಂಜೆಕ್ಷನ್ನಿಗೆ ಜ್ವರ ಬಗ್ಗಲಿಲ್ಲ. ಮೂತ್ರವನ್ನು ತಟ್ಟೆಯಲ್ಲಿ ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆಂದು ನೋಡಬೇಕು, ಎರಡು ದಿನ ಹಿಡಿಯುತ್ತದೆ ಎಂದರು. ಬ್ಯಾಕ್ಟೀರಿಯಾ ತನ್ನ ಪಾಡಿಗೆ ಬೆಳೆಯುವುದಕ್ಕೆ ಎಷ್ಟು ಹೊತ್ತು ಬೇಕು ಎಂಬುದು ನನ್ನ ಪಠ್ಯದಲ್ಲೇ ಇತ್ತು. ಅದನ್ನು ಅವಸರಪಡಿಸಲು ಬರುವುದಿಲ್ಲ. ಆ ಎರಡು ದಿನ ಅತ್ತಿಗೆಯ ಮೈ ಕಾದ ಹೆಂಚಾಗಿತ್ತು. ಪರೀಕ್ಷೆಯ ಫಲಿತಾಂಶ ಬಂದಾಗ ಸಾಲಾಗಿ ಎಲ್ಲ ಔಷಧಿಗಳೂ ಸೋತಿದ್ದವು, ಒಂದನ್ನು ಬಿಟ್ಟು. ಆ ಒಂದನ್ನು ರಕ್ತನಾಳಕ್ಕೆ ಏರಿಸಿದರು. ಅತ್ತಿಗೆ ಉಳಿದರು.

ಆದರೆ ಅಷ್ಟರಲ್ಲಿ ಹೆರಿಗೆ ನೋವು ಶುರುವಾಗಿಬಿಟ್ಟಿತ್ತು. ಹೆಣ್ಣು ಮಗು. ಉಸಿರಾಡುವುದಕ್ಕೆ ಬೇಕಾದಷ್ಟು ಇನ್ನೂ ಬೆಳೆದಿರಲಿಲ್ಲ. ನರ್ಸು ಬಟ್ಟೆಯಲ್ಲಿ ಸುತ್ತಿ ಅಣ್ಣನ ಕೈಗೆ ಕೊಟ್ಟಳು. ಒಂದೇ ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

"ಇದು ಒಂದು ದಿನದಲ್ಲಿ ಆದದ್ದಲ್ಲ," ಎಂದು ಡಾಕ್ಟರಮ್ಮ ಅಪ್ಪನಿಗೆ ಹೇಳಿದರು. "ಪ್ರತಿ ಸಲ ಸ್ವಲ್ಪ ಸ್ವಲ್ಪ ಕೊಟ್ಟು, ಸಾಯದೇ ಇರೋದನ್ನೇ ಆರಿಸಿ ಆರಿಸಿ ಬೆಳೆಸಿದೀರಿ."

"ಸಂದೀಲಿ ಉಳಿದುಬಿಟ್ಟಿದ್ವು," ಎಂದ ಅಪ್ಪ, ತನಗೇ ಹೇಳಿಕೊಳ್ಳುವವನಂತೆ. ಆಮೇಲೆ ನನ್ನ ಮುಖ ನೋಡಿ ಅಳತೊಡಗಿದ. ಅಪ್ಪ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಅರ್ಥವಾಯಿತಲ್ಲ ಎಂದು ನನಗೆ ನೆಮ್ಮದಿಯೇನೂ ಆಗಲಿಲ್ಲ. ಇಷ್ಟಕ್ಕೆ ಒಂದು ಮಗು ಸಾಯಬೇಕಿತ್ತೇ ಎಂದು ಮೈಯೆಲ್ಲ ಉರಿಯಿತು.

ಇಷ್ಟಾದ ಮೇಲೆ ಮನೆ ಬದಲಾಗುತ್ತದೆ ಎಂದು ನೀವು ಅಂದುಕೊಂಡಿರಬಹುದು. ನಾನೂ ಅಂದುಕೊಂಡಿದ್ದೆ. ಅತ್ತಿಗೆಯನ್ನು ಮನೆಗೆ ಕರೆತಂದ ಮೇಲೆ ಬಂದು ಹೋಗುವವರ ಸಾಲು ಹತ್ತಿತು. ಎಲ್ಲರಿಗೂ ಅಜ್ಜಿ ಒಂದೇ ಮಾತು ಹೇಳುತ್ತಿದ್ದಳು: "ಆಸ್ಪತ್ರೆಯೋರು ಚುಚ್ಚಿ ಚುಚ್ಚಿ ಮಗೂನ ತೆಗೆದ್ರು. ಮನೇಲಿ ಇದ್ದಿದ್ರೆ ಎರಡು ಮಾತ್ರೇಲಿ ಹೋಗೋದು." ಬಂದವರು ಹೌದು ಹೌದು ಎಂದರು. ಹಣೆಬರಹ ಎಂದರು. ಇನ್ನೂ ವಯಸ್ಸಿದೆ ಬಿಡಿ ಎಂದರು. ನಾನು ಬಾಯಿ ತೆರೆದಾಗಲೆಲ್ಲ ಅಮ್ಮ, "ವಯಸ್ಸಾದೋಳ ಮನಸ್ಸು ನೋಯಿಸ್ಬೇಡ," ಎಂದು ತಡೆಯುತ್ತಿದ್ದಳು. ಒಳಗಿನ ಕೋಣೆಯಲ್ಲಿ ಮಲಗಿದ್ದ ಅತ್ತಿಗೆಯ ಮನಸ್ಸು ಕಲ್ಲಿನದೆಂದು ಎಲ್ಲರೂ ತೀರ್ಮಾನಿಸಿದಂತಿತ್ತು. ಎಲ್ಲ ಮಾತೂ ಅವರಿಗೆ ಕೇಳಿಸುತ್ತಿತ್ತು.

ಒಂದು ಬೆಳಗ್ಗೆ ಇಸ್ತ್ರಿ ಅಂಗಡಿಯಾಕೆ ಬಂದಳು. ಕಂಕುಳಲ್ಲಿ ಅವಳ ಚಿಕ್ಕ ಮಗಳು, ಜ್ವರಕ್ಕೆ ಕೆನ್ನೆ ಕೆಂಪಾಗಿ, ಉಗುಳು ನುಂಗಲಾರದೆ ಬಾಯಿ ತೆರೆದುಕೊಂಡಿತ್ತು.

"ಅಜ್ಜಿ, ಇದಕ್ಕೆ ಗಂಟಲು. ಹೋದ ಸಲ ಕೊಟ್ಟಿದ್ರಲ್ಲ ಕೆಂಪು-ಹಳದಿ, ಅದೇ ಒಂದೆರಡಿದ್ರೆ ಕೊಡಿ. ಮತ್ತೆ ಬಂದ್ಬಿಟ್ಟಿದೆ."

"ಇದೆ ಇದೆ, ಕೂತ್ಕೋ," ಎಂದು ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. ಅಪ್ಪ ಅಂಗಡಿಯ ಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತವನು ನಿಂತೇ ಇದ್ದ. ಅಣ್ಣ ತಲೆ ತಗ್ಗಿಸಿದ. ನಾನು ಜಗಳಕ್ಕೆ ಉಸಿರೆಳೆದುಕೊಂಡೆ.

"ಕೊಡ್ಬೇಡಿ ಅಜ್ಜಿ."

ಒಳಗಿನ ಕೋಣೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು, ಚೌಕಟ್ಟು ಹಿಡಿದುಕೊಂಡು. ಮದುವೆಯಾಗಿ ಬಂದಾಗಿನಿಂದ ಅವರು ಅಜ್ಜಿಗೆ ಬೇಡ ಎಂದದ್ದನ್ನು ನಾನು ಕೇಳಿರಲಿಲ್ಲ. ಅಜ್ಜಿಯೂ ಕೇಳಿರಲಿಲ್ಲವೆಂದು ಕಾಣುತ್ತದೆ, ಕೈ ಎತ್ತಿದವಳು ಹಾಗೇ ನಿಂತಳು.

ಅತ್ತಿಗೆ ಇಸ್ತ್ರಿ ಅಂಗಡಿಯಾಕೆಯ ಕಡೆ ತಿರುಗಿದರು. "ಒಂದೆರಡು ಕೊಟ್ರೆ ಮತ್ತೆ ಬರತ್ತಕ್ಕ. ಬಂದಾಗೆಲ್ಲ ಇನ್ನೂ ಗಟ್ಟಿಯಾಗಿ ಬರತ್ತೆ. ನಡೀರಿ, ಡಾಕ್ಟ್ರಿಗೆ ತೋರಿಸೋಣ. ಅವರು ಕೊಟ್ಟಿದ್ದನ್ನ ಕೊನೇವರೆಗೂ ತಿನ್ನಿಸ್ಬೇಕು. ನಾನೇ ದಿನಾ ಬಂದು ನಿಂತು ತಿನ್ನಿಸ್ತೀನಿ."

"ಅಯ್ಯೋ, ನೀವ್ಯಾಕೆ ಈ ಸ್ಥಿತೀಲಿ..." ಎಂದು ಆಕೆ ತಬ್ಬಿಬ್ಬಾದಳು.

"ನಾನೇ ಬರ್ತೀನಿ," ಎಂದು ಅತ್ತಿಗೆ ಚಪ್ಪಲಿ ಹುಡುಕತೊಡಗಿದರು.

ಅಜ್ಜಿಗೆ ಆಗ ದನಿ ಬಂತು. "ಏನ್ ಬಂತು ನಿಂಗೆ? ಹಸಿ ಮೈ, ಬಿಸಿಲು, ಗಾಳಿ. ಬಾಣಂತಿ ಹೀಗೆಲ್ಲ ಹೊರಗೆ ಹೋಗ್ತಾರೇನಮ್ಮ?"

ಅತ್ತಿಗೆ ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದಕ್ಕೆ ಕಾಲು ಚಾಚಿದ್ದವರು ತಿರುಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳುತ್ತಿರುವವರ ಹಾಗಿತ್ತು.

"ಬಾಣಂತಿ ಅಂದ್ರಲ್ಲ ಅಜ್ಜಿ," ಎಂದರು. "ಮಗು ಎಲ್ಲಿ?"

ಅತ್ತಿಗೆ ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು, ಜ್ವರದ ಮಗುವನ್ನು ತಮ್ಮ ತೋಳಿಗೆ ತೆಗೆದುಕೊಂಡು ಬೀದಿಗಿಳಿದರು.